ಪದ ಪರಿಚಯ: ಪೈರೇಟ್ ರೇಡಿಯೊ

ಸರ್ಕಾರದ ಲೈಸೆನ್ಸ್ ಇಲ್ಲದೆ ನಡೆಯುವ ಬಾನುಲಿ ಕೇಂದ್ರಕ್ಕೆ ಪೈರೇಟ್ ರೇಡಿಯೊ ಅಂತಾರೆ. ಏನು ಬಿತ್ತರಿಸುತ್ತೀರಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಯಲ್ಲಿ ಮೈಕಿನಲ್ಲಿ ಭಜನೆ ಹಚ್ಚಿದರೆ ಅದು ಬರೀ ಮೈಕು. ಅದೇ ಭಜನೆಯನ್ನು ಧಾರವಾಡದ ಯಾವುದೋ ಮನೆಯ ಮಾಳಿಗೆಯಿಂದ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಎಫ್‌ಎಂಗೆ ಬಿಟ್ಟರೆ ಪೈರೇಟ್! 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದಲೂ ಇಂಥದ್ದಕ್ಕೆಲ್ಲ ಸರ್ಕಾರದ ಒಪ್ಪಿಗೆ ಬೇಕೇ ಬೇಕು.

ಪೈರೇಟ್ ಅಂದರೆ ಕಡಲ್ಗಳ್ಳ. ಈ ಹೆಸರು ಜಾಸ್ತಿ ಅಂಟಿಕೊಂಡಿದ್ದು 1964ರಲ್ಲಿ ಇಂಗ್ಲೆಂಡಿನ ತೀರದಾಚೆ ಹಡಗಿನಿಂದ ಪಾಪ್ ಹಾಡು ಬಿತ್ತರಿಸಿದ ರೇಡಿಯೊ ಕ್ಯಾರೊಲಿನ್‌ನಂಥ ಕೇಂದ್ರಗಳಿಗೆ. ನಮ್ಮಲ್ಲಿ ಅದಕ್ಕಿಂತ ಮೊದಲೇ, 1942ರಲ್ಲಿ, ಸ್ವಾತಂತ್ರ್ಯ ಹೋರಾಟಗಾರ್ತಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬೈಯಲ್ಲಿ ಗುಟ್ಟಾಗಿ ಕಾಂಗ್ರೆಸ್ ರೇಡಿಯೊ ನಡೆಸಿದ್ದರು. ಪೊಲೀಸರಿಗೆ ಸಿಗಬಾರದೆಂದು ಜಾಗ ಬದಲಿಸುತ್ತಲೇ ಇದ್ದರು. ನವೆಂಬರ್‌ನಲ್ಲಿ ಸಿಕ್ಕಿಬಿದ್ದರು. ಅವರನ್ನು ಯಾರೂ ಪೈರೇಟ್ ಅನ್ನುವುದಿಲ್ಲ ಬಿಡಿ.

ಸ್ವಾತಂತ್ರ್ಯ ಬಂದ ಮೇಲೂ ಊರವರು ತಾವೇ ಒಂದು ಕೇಂದ್ರ ನಡೆಸುವ ಹಾಗಿರಲಿಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ನಮ್ಮ ಕಡೆಯ ಮಾತು, ಹಾಡನ್ನು ಮನೆಮನೆಗೆ ತಂದಿತು, ನಿಜ. ಆದರೆ ನಡೆಸುವುದು ಸರ್ಕಾರವೇ ಅಲ್ವಾ? ಬಾನಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಆಮೇಲೂ ಹಳ್ಳಿಯವರ ಅರ್ಜಿಗೆ ದಾರಿ ಇರಲಿಲ್ಲ.

ಕೋಲಾರ ಜಿಲ್ಲೆಯ ಬೂದಿಕೋಟೆಯವರು ಒಂದು ಉಪಾಯ ಮಾಡಿದರು. ಗಾಳಿಗೆ ತಾನೇ ಲೈಸೆನ್ಸ್ ಬೇಕು? 'ನಮ್ಮ ಧ್ವನಿ' ಕಾರ್ಯಕ್ರಮಗಳನ್ನು ಕೇಬಲ್ ತಂತಿಯಲ್ಲಿ ಮನೆಗಳಿಗೆ ಕಳಿಸಿದರು. ಬಿಹಾರದ ಮನ್ಸೂರ್‌ಪುರದಲ್ಲಿ ಒಬ್ಬ ರಿಪೇರಿ ಅಂಗಡಿಯ ಹುಡುಗನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸುಮಾರು 50 ರೂಪಾಯಿ ಸಾಮಾನಿನಲ್ಲಿ ಟ್ರಾನ್ಸ್‌ಮಿಟರ್ ಮಾಡಿ, ಬಿದಿರಿನ ಗಳಕ್ಕೆ ಆಂಟೆನಾ ಕಟ್ಟಿ, ಹಾಡಿನ ಜೊತೆ ಊರಿನ ಪ್ರಕಟಣೆಗಳನ್ನೂ ಬಿತ್ತರಿಸಿದ. ಕೇಂದ್ರ ದೊಡ್ಡ ಸುದ್ದಿಯಾಯಿತು. ಸುದ್ದಿಯಾದದ್ದೇ ತಡ, 2006ರ ಮಾರ್ಚ್‌ನಲ್ಲಿ ಬಂದ್!

ಅದೇ ವರ್ಷದ ಕೊನೆಗೆ ಸಂಘ-ಸಂಸ್ಥೆಗಳಿಗೂ ಸಮುದಾಯ ಬಾನುಲಿ, ಅಂದರೆ ಊರಿನವರಿಗಾಗಿ ನಡೆಯುವ ಸಣ್ಣ ಕೇಂದ್ರದ ಲೈಸೆನ್ಸ್ ಕೊಡುವ ನೀತಿ ಬಂತು. ಅದರಲ್ಲೂ ಆ ಹುಡುಗನಿಗೆ ಜಾಗವಿರಲಿಲ್ಲ. ಒಬ್ಬ ವ್ಯಕ್ತಿ ಅರ್ಜಿ ಹಾಕುವಂತಿಲ್ಲ, ಸಂಸ್ಥೆಗೆ ಕನಿಷ್ಠ ಮೂರು ವರ್ಷ ಆಗಿರಬೇಕು.

ಲೈಸೆನ್ಸ್ ಅನ್ನುವುದು ಸುಮ್ನೆ ಕಿರುಕುಳವೂ ಅಲ್ಲ. ಎಫ್‌ಎಂನಲ್ಲಿ ಒಂದೇ ಅಲೆಯ ಮೇಲೆ ಎರಡು ಕೇಂದ್ರ ಬಂದರೆ ಜೋರಿದ್ದದ್ದೇ ಕೇಳಿಸುತ್ತದೆ, ಇನ್ನೊಂದು ಮುಚ್ಚಿಹೋಗುತ್ತದೆ. ಎಫ್‌ಎಂ 108 ಮೆಗಾಹರ್ಟ್ಸ್‌ಗೆ ಮುಗಿದರೆ ವಿಮಾನದವರ ಅಲೆಗಳು ಅಲ್ಲಿಂದಲೇ ಶುರು. ಕಳಪೆ ಟ್ರಾನ್ಸ್‌ಮಿಟರ್ ತನ್ನ ಗೆರೆ ದಾಟಿದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ಪೈಲಟ್ಟಿನ ಕಿವಿಯಲ್ಲಿ ಭಜನೆ ಕೇಳಬಹುದು.

ಈಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ಕೆಎಲ್‌ಇ ಸಂಸ್ಥೆ ಲೈಸೆನ್ಸ್ ಪಡೆದೇ ಸಮುದಾಯ ಬಾನುಲಿ ನಡೆಸಿವೆ. ಇಂಥ ಕೇಂದ್ರಗಳಿಗೆ ಬೆಳೆ, ಆರೋಗ್ಯ, ಹಾಡು ಎಲ್ಲಕ್ಕೂ ಅವಕಾಶ ಉಂಟು. ಊರಿನ ಸುದ್ದಿಯನ್ನು ತಾವೇ ಸುದ್ದಿಯಾಗಿ ಓದಲು ಮಾತ್ರ ಇಲ್ಲ. ಸುದ್ದಿ ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಮರುಪ್ರಸಾರ ಮಾಡಬೇಕು.