ಕರಗಿಸಿದ್ದಲ್ಲ, ಕಡೆದದ್ದು

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ನವರಂಗದಲ್ಲಿ, ಅಂದರೆ ಕಂಬಗಳ ಒಳಮಂಟಪದಲ್ಲಿ, ನಿಂತರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: 'ಆಗ ಕಲ್ಲು ಕರಗಿಸಿ ಈ ಕಂಬಗಳನ್ನು ಎರಕ ಹೊಯ್ಯುತ್ತಿದ್ದರು.' ಮೊಬೈಲ್‌ನಲ್ಲಿ ವಿಡಿಯೊ ನೋಡಿಕೊಂಡು ಬಂದವರಾದರೆ ಅನ್ಯಗ್ರಹದವರ ಯಂತ್ರವನ್ನೂ ಎಳೆದು ತರುತ್ತಾರೆ. ನನಗೆ ರೇಗುತ್ತದೆ. ಉತ್ತರ ಕಂಬದ ಮೈಮೇಲೇ ಇದೆ. ಹತ್ತಿರದಿಂದ ನೋಡಿ: ಸಣ್ಣ ಸಣ್ಣ ಗೀರುಗಳು ಬಳೆ ತೊಡಿಸಿದಂತೆ ಕಂಬವನ್ನು ಸುತ್ತಿವೆ.

ಇದು ಬಳಪದ ಕಲ್ಲು. ಸ್ಲೇಟಿನ ಮೇಲೆ ಅಆಇಈ ತಿದ್ದಿ, ಆಮೇಲೆ ಕದ್ದು ತಿಂದೆವಲ್ಲ, ಆ ಬಳಪದ ವಂಶ. ಮೋಸ್ ಗಡಸುತನದ ಅಳತೆಯಲ್ಲಿ (1 ಅತಿ ಮೆದು, 10 ಅತಿ ಗಡಸು) ಇದರೊಳಗಿನ ಟಾಲ್ಕ್ ಎಂಬ ಖನಿಜಕ್ಕೆ 1, ಉಗುರಿಗೆ ಸುಮಾರು 2.5, ಗ್ರಾನೈಟಿನ ಬೆಣಚಿಗೆ 7. ಕರಗಿಸಲು ಹೋದರೆ ಟಾಲ್ಕ್ ತನ್ನೊಳಗಿನ ನೀರು ಕಳೆದುಕೊಂಡು ಬೇರೆಯೇ ಗಡಸು ಖನಿಜವಾಗಿಬಿಡುತ್ತದೆ. ಬಾದಾಮಿ ಚಾಲುಕ್ಯರು ಮರಳುಗಲ್ಲನ್ನು ನೆಚ್ಚಿದ್ದರು. ಬಳಪದ ಕಲ್ಲಿನಲ್ಲಿ ಕೈ ಪಳಗಿದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಲಕ್ಕುಂಡಿಯಂಥ ಊರುಗಳಲ್ಲಿ. ಅವರದೇ ಕಾಲದ ಇಟಗಿಯ ಮಹಾದೇವ ಗುಡಿ 1112ರದು. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸುವ ಹೊತ್ತಿಗೆ ಕಸುಬು ಹದಕ್ಕೆ ಬಂದಿತ್ತು.

ಇನ್ನು ತಿರುಗಣೆ, ಅಂದರೆ ಕಲ್ಲನ್ನು ತಿರುಗಿಸುತ್ತ ಉಳಿಯಿಂದ ಕಡೆಯುವ ಸಾಧನ (ಲೇತ್). ಕಂಬದ ಮೇಲೆ ಬಳೆಯಂಥ ಗೀರು ಬಿದ್ದದ್ದು ಇದರಿಂದಲೇ. ಮೊಸರನ್ನೂ ಕಡೆಯುತ್ತೇವೆ, ಕಂಬವನ್ನೂ ಕಡೆಯುತ್ತೇವೆ. ಗುಟ್ಟು ಆ ಮಾತಿನಲ್ಲೇ ಇದೆ. ಕುಂಬಾರನ ತಿಗರಿಯ ಮೇಲೆ ಮಣ್ಣು ಸುತ್ತುತ್ತದೆ, ಬೆರಳು ನಿಂತಲ್ಲೇ ನಿಂತಿರುತ್ತದೆ, ಗಡಿಗೆ ದುಂಡಾಗುತ್ತದೆ. ಚನ್ನಪಟ್ಟಣದ ಬೊಂಬೆಯವರು ತಿರುಗುವ ಮರಕ್ಕೆ ಉಳಿ ಒಡ್ಡುವುದೂ ಹೀಗೆಯೇ. ಕಲ್ಲು ಸುತ್ತುವಾಗ ಉಳಿ ಅಲುಗದಿದ್ದರೆ, ನಡುಗೆರೆಯಿಂದ ಅದರ ಮೊನೆಗಿರುವ ದೂರ ಸುತ್ತಲೂ ಒಂದೇ. ಕಲ್ಲು ದುಂಡಾಗದೆ ಗತಿಯಿಲ್ಲ. ಅದಕ್ಕೆ ವೇಗ ಬೇಕಿಲ್ಲ. ಭಾರ ಇದ್ದಷ್ಟೂ ಒಳ್ಳೆಯದು: ಘನ ಮೀಟರಿಗೆ ಎರಡೂವರೆ ಟನ್ನಿಗೂ ಹೆಚ್ಚು ತೂಗುವ ಕಲ್ಲು ಒಮ್ಮೆ ತಿರುಗತೊಡಗಿದರೆ, ಉಳಿ ತಾಗಿತೆಂದು ತಡವರಿಸುವುದಿಲ್ಲ. ರಾಗಿ ಬೀಸಿದವರಿಗೆ ಇದು ಗೊತ್ತು. ಕಂಬದ ಬುಡ ಮಾತ್ರ ಚೌಕ, ಏಕೆಂದರೆ ಅಲ್ಲಿಗೆ ಉಳಿ ಹೋಗಲಿಲ್ಲ.

ಕೆಲಸ ಮಾಡಿದವರು ಹೆಸರನ್ನೂ ಬಿಟ್ಟುಹೋಗಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮ, ಪ್ರತಿ ಸಲ ಪೂರ್ತಿ ಹೆಸರು ಕೊರೆಯಲು ಬೇಸರವಾಯಿತೇನೋ, ಕೆಲವು ವಿಗ್ರಹಗಳ ಕೆಳಗೆ ಬರೀ 'ಮ' ಎಂದಿದೆ.