ದಪ್ಪಕ್ಷರದ ಅಂಕಿಯನ್ನು ತಿಂಗಳು ನೋಡಿ ಓದಬೇಕು

ಜಗಳೂರು, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ತಪಾಸಣೆಗೆ ಬರುವ ಗರ್ಭಿಣಿಯರು ತಾಯಿ ಕಾರ್ಡಿನೊಳಗೆ ಮಡಚಿ ತರುವ ರಕ್ತಪರೀಕ್ಷೆಯ ವರದಿಯಲ್ಲಿ ಕೆಲವು ಅಂಕಿಗಳಾದರೂ ದಪ್ಪಕ್ಷರದಲ್ಲಿರುತ್ತವೆ. ಸಾಮಾನ್ಯ ಮಿತಿಯಿಂದ ಆಚೀಚೆಯಾದ ಅಂಕಿಗಳನ್ನು ಪ್ರಯೋಗಾಲಯ ಹೀಗೆ ದಪ್ಪಗೆ ಅಚ್ಚಿಸುತ್ತದೆ. ಆದರೆ ಪಕ್ಕದಲ್ಲಿ ಅಚ್ಚಾಗಿರುವ ಆ ಮಿತಿ ಬಹುತೇಕ ಗರ್ಭಿಣಿಯಲ್ಲದವರದ್ದು. ಹಾಗಾಗಿ ಆರೋಗ್ಯವಂತೆಯ ವರದಿ ರೋಗಿಯದರಂತೆ ಕಾಣುತ್ತದೆ. ಕೆಲವೊಮ್ಮೆ ತೊಂದರೆಯಿರುವ ವರದಿ ನಿರಾತಂಕವಾಗಿಯೂ ಕಾಣುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯದು. ಗರ್ಭ ನಿಂತ ಮೊದಲ ತಿಂಗಳುಗಳಲ್ಲೇ ಮೂತ್ರಪಿಂಡಗಳು ರಕ್ತ ಸೋಸುವ ಪ್ರಮಾಣ ಏರತೊಡಗಿ, ಸುಮಾರು ಶೇ. 50ರಷ್ಟು ಹೆಚ್ಚುವುದರಿಂದ, ಮೂತ್ರಪಿಂಡಗಳು ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ 0.4ರಿಂದ 0.8 ಮಿಲಿಗ್ರಾಂ ಆಸುಪಾಸಿಗೆ ಇಳಿಯುತ್ತದೆ. 1.0 ಎಂಬ ಅಂಕಿ ವರದಿಯಲ್ಲಿ ದಪ್ಪಕ್ಷರವಿಲ್ಲದೆ ತೆಳ್ಳಗೆ ಅಚ್ಚಾಗಿದ್ದರೂ ಗರ್ಭಿಣಿಯಲ್ಲಿ ಅದನ್ನು ವಿಚಾರಿಸಲೇಬೇಕು, ರಕ್ತದೊತ್ತಡ ಏರಿದ್ದರಂತೂ ತಡಮಾಡುವಂತಿಲ್ಲ.

ಹಿಮೋಗ್ಲೋಬಿನ್ ವಿಷಯದಲ್ಲಿ ಗೊಂದಲ ಬೇರೆ ಬಗೆಯದು. ರಕ್ತದ ದ್ರವಭಾಗ ಶೇ. 40ರಿಂದ 50ರಷ್ಟು ಹೆಚ್ಚಿದರೆ ಕೆಂಪು ಕಣಗಳು ಶೇ. 20ರಿಂದ 30ರಷ್ಟು ಮಾತ್ರ ಹೆಚ್ಚುತ್ತವೆ. ಆದ್ದರಿಂದ ನಡುವಿನ ತಿಂಗಳುಗಳಲ್ಲಿ ಅಂಕಿ ಇಳಿಯುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆಯ ಗೆರೆಯನ್ನು ಮೊದಲ ಮತ್ತು ಕೊನೆಯ ತ್ರೈಮಾಸಿಕದಲ್ಲಿ 11 ಗ್ರಾಂ, ನಡುವೆ 10.5 ಗ್ರಾಂ ಎಂದಿಟ್ಟಿರುವುದು ಇದಕ್ಕಾಗಿಯೇ. ಆದರೆ 9 ಗ್ರಾಂ ಇದ್ದವರಿಗೂ "ರಕ್ತ ತೆಳುವಾಗಿದೆ, ಅಷ್ಟೇ" ಎಂದು ಸಮಾಧಾನ ಹೇಳುವುದು ಸರಿಯಲ್ಲ. ದ್ರವ ಹೆಚ್ಚಿದ ಮಾತ್ರಕ್ಕೆ ಕಣದ ಗಾತ್ರ ಕುಗ್ಗುವುದಿಲ್ಲ. ಕೆಂಪು ಕಣದ ಸರಾಸರಿ ಗಾತ್ರ ತಿಳಿಸುವ ಎಂಸಿವಿ ಕಡಿಮೆಯಿದ್ದರೆ ಮೊದಲು ಕಬ್ಬಿಣಾಂಶದ ಕೊರತೆಯನ್ನೇ ಹುಡುಕಬೇಕು.

ಕೊನೆಯ ತಿಂಗಳುಗಳಲ್ಲಿ ಯಕೃತ್ತಿನ ಪರೀಕ್ಷೆಯಲ್ಲಿ ಅಳೆಯುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಎರಡು ಪಟ್ಟಾಗುವುದನ್ನು ಕಂಡು ಕಾಮಾಲೆಯೆಂದು ಹೆದರುವವರಿದ್ದಾರೆ. ಅದರ ಹೆಚ್ಚಳ ಬರುವುದು ಮಾಸುವಿನಿಂದ. ಅದೇ ಪರೀಕ್ಷೆಯ ಬೇರೆ ಕಿಣ್ವಗಳಾದ ಎಎಲ್‌ಟಿ, ಎಎಸ್‌ಟಿ ಮಾತ್ರ ಹಾಗೆ ಏರುವುದಿಲ್ಲ, ಏರಿದರೆ ಕಾರಣ ಹುಡುಕಬೇಕು.

ಸಕ್ಕರೆಯ ಲೆಕ್ಕ ತಿಂಗಳಿಂದ ತಿಂಗಳಿಗೆ ತಿರುಗುತ್ತದೆ. ಮೊದಲರ್ಧದಲ್ಲಿ ತಾಯಿಯ ದೇಹ ಕೊಬ್ಬನ್ನು ಕೂಡಿಡುತ್ತದೆ, ಖಾಲಿ ಹೊಟ್ಟೆಯ ಸಕ್ಕರೆ ತುಸು ತಗ್ಗುತ್ತದೆ. ಆಮೇಲೆ ಮಾಸುವಿನ ಹಾರ್ಮೋನುಗಳು ಇನ್ಸುಲಿನ್‌ಗೆ ಅಡ್ಡಿಯಾಗುವುದರಿಂದ ಊಟದ ನಂತರದ ಸಕ್ಕರೆ ಹೆಚ್ಚು ಹೊತ್ತು ರಕ್ತದಲ್ಲಿದ್ದು ಮಗುವಿಗೆ ಒದಗುತ್ತದೆ; ತಾಯಿ ಕೊಬ್ಬನ್ನು ಉರಿಸಿಕೊಳ್ಳುತ್ತಾಳೆ. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟಾಗುವುದೂ, ಕೊಬ್ಬು ಉರಿದಾಗ ಹುಟ್ಟುವ ಕೀಟೋನ್ ರಾತ್ರಿಯಿಂದ ಉಪವಾಸವಿದ್ದವರ ಮೂತ್ರದಲ್ಲಿ ಬೇಗ ಕಾಣುವುದೂ ಇದರ ಪರಿಣಾಮವೇ. ಅನೇಕರು ಬರಿಹೊಟ್ಟೆಯಲ್ಲಿ ಬೆಳಗಿನ ಬಸ್ಸು ಹತ್ತಿ ಬರುತ್ತಾರೆ. ಆದರೆ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಮೊದಲ ಭೇಟಿಯಲ್ಲೂ 24ರಿಂದ 28ನೇ ವಾರದಲ್ಲೂ ಮಾಡುವ 75 ಗ್ರಾಂ ಗ್ಲೂಕೋಸ್ ಪರೀಕ್ಷೆಗೆ ಉಪವಾಸದ ಅಗತ್ಯವಿಲ್ಲ. ಕುಡಿದ ಎರಡು ಗಂಟೆಯ ನಂತರ ರಕ್ತದ ಸಕ್ಕರೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಎನ್ನುತ್ತೇವೆ.

ರಕ್ತದ ಕೊಬ್ಬು ಹೀಗೆ ಸಹಜವಾಗಿಯೇ ಏರುವುದರಿಂದ ಕೊಲೆಸ್ಟ್ರಾಲ್ ಪರೀಕ್ಷೆಯನ್ನು ಗರ್ಭಿಣಿಗೆ ವಾಡಿಕೆಯಂತೆ ಮಾಡಿಸುವುದು ದುಡ್ಡು ದಂಡ. ಆದರೆ ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆ ಕಂಡವರು ಹೆರಿಗೆಯಾದ ಆರು ವಾರಕ್ಕೆ ಗ್ಲೂಕೋಸ್ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಬಾಣಂತನಕ್ಕೆ ತವರಿಗೆ ಹೋದವರು ತಾಯಿ ಕಾರ್ಡು ಹಿಡಿದು ಅಲ್ಲಿನ ಆರೋಗ್ಯ ಕೇಂದ್ರದಲ್ಲೇ ವಿಚಾರಿಸಬಹುದು.