ಬೋರ್ಡ್ ಮನೆ, ಲೈನ್ ಮನೆ, ಪೈಸಾರಿ: ಕೊಡಗಿನ ಸೂರಿನ ಸಿಕ್ಕು

ಕೊಡಗಿನ ಯಾವುದಾದರೂ ಗ್ರಾಮಸಭೆಗೆ ಹೋಗಿ ಅರ್ಧ ಗಂಟೆ ಕೂತರೆ ಸಾಕು. ರಸ್ತೆ ಆಯಿತು, ಕಾಡಾನೆ ಆಯಿತು, ಆಮೇಲೆ ಮನೆ ವಿಷಯ ಬರುತ್ತದೆ. ಒಬ್ಬರಿಗೆ ಪಟ್ಟಿಯಲ್ಲಿ ಹೆಸರಿದೆ, ಸೈಟಿಲ್ಲ. ಇನ್ನೊಬ್ಬರು ಇಪ್ಪತ್ತು ವರ್ಷದಿಂದ ಗುಡಿಸಲು ಕಟ್ಟಿಕೊಂಡಿದ್ದಾರೆ, ಹಕ್ಕುಪತ್ರ ಇಲ್ಲ. ಮತ್ತೊಬ್ಬರ ಕೈಯಲ್ಲಿ ಹಕ್ಕುಪತ್ರ ಇದೆ, ಆ ಜಾಗ ಎಲ್ಲಿದೆ ಅಂತ ಯಾರೂ ತೋರಿಸಿಲ್ಲ. ಹೌಸಿಂಗ್ ಬೋರ್ಡ್‌ನವರು ಯಾಕೆ ಕಟ್ಟಿಕೊಡಬಾರದು ಅಂತ ಹಿಂದಿನ ಸಾಲಿನಿಂದ ಯಾರೋ ಕೇಳುತ್ತಾರೆ. ಅದು ನಮಗೆ ಬರಲ್ಲ ಎಂದು ವೇದಿಕೆ ಮೇಲಿನವರು ಹೇಳುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಕೇಳಿದವರದ್ದೂ ತಪ್ಪಲ್ಲ.

ಸಿಕ್ಕು ಶುರುವಾಗುವುದೇ ಹೆಸರಿನಿಂದ. ಜನರ ಬಾಯಲ್ಲಿ ಎಲ್ಲವೂ ‘ಬೋರ್ಡ್’. ಕಡತದಲ್ಲಿ ಅವು ಬೇರೆ ಬೇರೆ. ಕರ್ನಾಟಕ ಗೃಹ ಮಂಡಳಿ ಜಮೀನು ಕೊಂಡು ಬಡಾವಣೆ ಮಾಡಿ, ಸೈಟು ಅಥವಾ ಮನೆಯನ್ನು ಮಾರುತ್ತದೆ. ಹೌದು, ಮಾರುತ್ತದೆ, ಸುಮ್ನೆ ಕೊಡುವುದಿಲ್ಲ. 2000ದಲ್ಲಿ ಹುಟ್ಟಿದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹಳ್ಳಿಯ ಬಡವರಿಗೆ ಸಹಾಯಧನ ಕೊಡುತ್ತದೆ. ಮನೆಯನ್ನು ಸಾಮಾನ್ಯವಾಗಿ ಫಲಾನುಭವಿಯೇ ಕಟ್ಟಿಕೊಳ್ಳಬೇಕು. ಪಟ್ಟಣದ ಕೊಳೆಗೇರಿಗಳಿಗೆ ಕೊಳಗೇರಿ ಅಭಿವೃದ್ಧಿ ಮಂಡಳಿ ಇದೆ. ಆದಿವಾಸಿಗಳ ಹಾಡಿಗಳ ವಿಷಯ ಬಂದರೆ ಗಿರಿಜನ ಕಲ್ಯಾಣದ ಕಚೇರಿ ನಡುವೆ ಬರುತ್ತದೆ. ಜಾಗ ಗುರುತಿಸುವುದು ಮಾತ್ರ ಇವರಲ್ಲಿ ಯಾರೂ ಅಲ್ಲ, ಕಂದಾಯ ಇಲಾಖೆ. ಆ ಜಾಗದಲ್ಲಿ ನಾಲ್ಕು ದೊಡ್ಡ ಮರ ಇದ್ದರೆ ಅರಣ್ಯ ಇಲಾಖೆಯೂ ಬಂತು.

ಗೃಹ ಮಂಡಳಿಯ ಬೇರು ಹಳೆಯದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಊರುಗಳಿಗೆ ಜನ ನುಗ್ಗಿ ಬರುತ್ತಿದ್ದರು. 1952ರಲ್ಲಿ ಕೈಗಾರಿಕಾ ಕಾರ್ಮಿಕರಿಗೆ, 1954ರಲ್ಲಿ ಕಡಿಮೆ ಆದಾಯದವರಿಗೆ ಅಂತ ಕೇಂದ್ರ ಸರ್ಕಾರ ಮನೆ ಯೋಜನೆ ತಂದಿತು. 1956ರಲ್ಲಿ ಮೈಸೂರು ಗೃಹ ಮಂಡಳಿ ಶುರುವಾಯಿತು. ಅದೇ ವರ್ಷ ನವೆಂಬರ್ 1ಕ್ಕೆ, ಅಲ್ಲಿಯವರೆಗೆ ಬೇರೆಯೇ ರಾಜ್ಯವಾಗಿದ್ದ ಕೊಡಗು ಮೈಸೂರಿಗೆ ಸೇರಿತು. 1962ರಲ್ಲಿ ಹೊಸ ಕಾಯ್ದೆ ಬಂದು ಈಗಿನ ಮಂಡಳಿ ಆಯಿತು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಬೋರ್ಡಿನ ಹೆಸರೂ ಬದಲಾಯಿತು. ಮುಂದಿನ ದಶಕಗಳ ಕಥೆ ಹೆಚ್ಚು ಕಡಿಮೆ ಒಂದೇ: ಯಲಹಂಕ ಉಪನಗರ, ಮೈಸೂರಿನ ಹೂಟಗಳ್ಳಿ, ಹೀಗೆ ಊರಂಚಿನ ಹೊಲಗಳಲ್ಲಿ ಅಳತೆ ಹಿಡಿದು ಕಟ್ಟಿದ ಬಡಾವಣೆಗಳು.

ಕೆಲಸದ ಕ್ರಮ ಹೀಗಿದೆ. ಮೊದಲು ಬೇಡಿಕೆ ಸಮೀಕ್ಷೆ. ಬೇಕಾದವರು ಅರ್ಜಿ ಹಾಕಿ ಠೇವಣಿ ಕಟ್ಟುತ್ತಾರೆ. ಆಮೇಲೆ ಜಮೀನು, ಬಡಾವಣೆ, ಹಂಚಿಕೆ. ಅರ್ಜಿದಾರರನ್ನು ಆದಾಯ ನೋಡಿ ನಾಲ್ಕು ಗುಂಪು ಮಾಡುತ್ತಾರೆ: ಆರ್ಥಿಕವಾಗಿ ದುರ್ಬಲರು, ಕಡಿಮೆ ಆದಾಯದವರು, ಮಧ್ಯಮ, ಮೇಲಿನವರು. ಕಚೇರಿಯಲ್ಲಿ ಇವು ಇಡಬ್ಲ್ಯುಎಸ್, ಎಲ್‌ಐಜಿ, ಎಂಐಜಿ, ಎಚ್‌ಐಜಿ. ಆದಾಯದ ಗೆರೆ ಆಗಾಗ ಮೇಲೆ ಹೋಗುತ್ತದೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರಗಳಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನವರನ್ನು ಮೊದಲ ಗುಂಪಿಗೆ, 6 ಲಕ್ಷದವರೆಗಿನವರನ್ನು ಎರಡನೆಯದಕ್ಕೆ ಹಾಕಿತು. ಸಂಬಳ ಚೀಟಿ ಇರುವ ಪಟ್ಟಣದವರಿಗೆ ಇದು ಅರ್ಥವಾಗುವ ಲೆಕ್ಕ.

ಕೊಡಗಿಗೆ ಬಂದರೆ ಈ ಲೆಕ್ಕ ತಡವರಿಸುತ್ತದೆ. ಬಯಲುಸೀಮೆಯ ಊರು ನೋಡಿ. ಮನೆಗಳೆಲ್ಲ ಒಂದು ಕಡೆ ಗುಂಪಾಗಿ, ಸುತ್ತ ಹೊಲ. ಊರು ಬೆಳೆದರೆ ಪಕ್ಕದ ಹೊಲ ಸೈಟಾಗುತ್ತದೆ. ಗ್ರಾಮಠಾಣಾ ಎಂಬ ಮಾತೇ ಆ ನಕ್ಷೆಯಿಂದ ಬಂದದ್ದು. ಕೊಡಗಿನ ಊರು ಹಾಗಿಲ್ಲ. ಒಂದು ಮನೆ ಇಲ್ಲಿ, ಮುಂದಿನದು ಗದ್ದೆ ದಾಟಿ ಎದುರಿನ ಗುಡ್ಡದಲ್ಲಿ. ಪ್ರತಿ ಒಕ್ಕಕ್ಕೂ, ಅಂದರೆ ಕುಲಕ್ಕೂ, ಅದರ ಐನ್‌ಮನೆ ಎಂಬ ಮೂಲ ಮನೆ, ವಂಶದಿಂದ ಬಂದ ಜಮ್ಮಾ ಗದ್ದೆ, ಗದ್ದೆಗೆ ಹೊಂದಿಕೊಂಡ ಬಾಣೆ. ಸೌದೆಗೆ, ಸೊಪ್ಪಿಗೆ, ದನಕ್ಕೆ ಇದ್ದ ಬಾಣೆ ನಿಧಾನಕ್ಕೆ ಕಾಫಿ ತೋಟವಾಯಿತು. 1899ರ ಕೂರ್ಗ್ ಭೂಕಂದಾಯ ನಿಯಮದ ನೆರಳು ಇವತ್ತಿನ ಆರ್‌ಟಿಸಿಯ (ಪಹಣಿಯ) ಮೇಲೂ ಇದೆ. ಪಟ್ಟೇದಾರ ಒಬ್ಬರು, ಹಕ್ಕುದಾರರು ಮೂವತ್ತು ಮಂದಿ. ಇಂಥ ಜಮೀನಿನಲ್ಲಿ ಸ್ವಂತ ಮಗನಿಗೆ ಮನೆ ಕಟ್ಟಲು ಬ್ಯಾಂಕ್ ಸಾಲ ಎತ್ತುವುದೇ ಕಷ್ಟ. ಬೋರ್ಡ್ ಬಂದು ಕೊಂಡುಕೊಳ್ಳುವುದು ದೂರದ ಮಾತು.

ಹಾಗಾಗಿ ಸೈಟಿಗೆ ಅಂತ ಉಳಿಯುವುದು ಪೈಸಾರಿ, ಅಂದರೆ ಸರ್ಕಾರದ ಜಾಗ. ಅದರಲ್ಲಿ ಚೆನ್ನಾಗಿರುವುದು ಎಂದೋ ಬೇಲಿಯೊಳಗೆ ಹೋಗಿದೆ. ಯಾರ ಬೇಲಿ ಎಂದು ಊರಿಗೆಲ್ಲ ಗೊತ್ತು, ಬಾಯಿ ಬಿಟ್ಟು ಹೇಳುವವರಿಲ್ಲ. ಉಳಿದದ್ದು ಕಡಿದಾದ ಇಳಿಜಾರು, ಹೊಳೆ ದಡ, ಇಲ್ಲವೇ ಸಾಗುವಳಿಗೆ ಬಾರದ್ದೆಂದು ಗುರುತಿಸಿದ, ಅರಣ್ಯ ಇಲಾಖೆ ತನ್ನದೆನ್ನುವ ಸಿ ಆ್ಯಂಡ್ ಡಿ ಜಾಗ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿಸಲು ಭೂಕಂದಾಯ ಕಾಯ್ದೆಯಲ್ಲಿ 94ಸಿ ಎಂಬ ಕಲಂ ಇದೆ. ಅದಕ್ಕೂ ಮೊದಲು ಮನೆ ಇರಬೇಕಲ್ವಾ?

ಇಲ್ಲಿ ಲೈನ್ ಮನೆ ಬರುತ್ತದೆ. ತೋಟದ ಮೂಲೆಯಲ್ಲಿ ಉದ್ದಕ್ಕೆ ಒಂದೇ ಗೋಡೆಗೆ ಅಂಟಿಕೊಂಡ ಕೋಣೆಗಳು, ಮುಂದೆ ಒಂದೇ ಜಗಲಿ. ಯರವರು, ಜೇನುಕುರುಬರಂಥ ಆದಿವಾಸಿಗಳು, ಹೊರಜಿಲ್ಲೆಗಳಿಂದ ಬಂದ ಕೂಲಿಯವರು ತಲೆಮಾರುಗಳಿಂದ ಇದ್ದದ್ದು ಇಲ್ಲಿ. ಈಚೆಗೆ ಅಸ್ಸಾಂ ಕಡೆಯವರೂ ಇದ್ದಾರೆ. ಕೆಲಸಗಾರರಿಗೆ ವಸತಿ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಅದು ಅನ್ವಯಿಸುತ್ತಿದ್ದದ್ದು 5 ಹೆಕ್ಟೇರ್‌ ಅಥವಾ ಅದಕ್ಕಿಂತ ದೊಡ್ಡ, 15 ಮಂದಿಗಿಂತ ಕಡಿಮೆಯಿಲ್ಲದ ಕೆಲಸಗಾರರಿದ್ದ ತೋಟಗಳಿಗೆ. ಕೊಡಗಿನ ಸಣ್ಣ ಬೆಳೆಗಾರರಲ್ಲಿ ಬಹಳಷ್ಟು ಮಂದಿ ಆ ಗೆರೆಯ ಕೆಳಗೇ ಇದ್ದಾರೆ. ಅವರೂ ಮನೆ ಕೊಡುತ್ತಾರೆ, ಕೊಡದಿದ್ದರೆ ಕಾಫಿ ಕುಯ್ಯಲು ಜನ ಸಿಗುವುದಿಲ್ಲ. ಆದರೆ ಕೆಲಸ ಬಿಟ್ಟ ದಿನ ಮನೆಯೂ ಹೋಗುತ್ತದೆ. ಎಷ್ಟೋ ಮಂದಿಗೆ ಆ ಮನೆಯ ವಿಳಾಸದಲ್ಲಿ ರೇಷನ್ ಕಾರ್ಡ್ ಮಾಡಿಸುವುದೇ ಒಂದು ಹೋರಾಟ. ಆದಾಯ ನೋಡಿದರೆ ಇವರು ಬೋರ್ಡಿನ ಮೊದಲ ಗುಂಪಿಗೆ ಸೇರಬೇಕು. ಠೇವಣಿ, ವಿಳಾಸ, ದಾಖಲೆ ಎಂದರೆ ಸಾಲಿನಲ್ಲೇ ಇಲ್ಲ. ಕೊಡಗಿನಲ್ಲಿ ಹತ್ತರಲ್ಲಿ ಒಬ್ಬರು ಪರಿಶಿಷ್ಟ ಪಂಗಡದವರು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಎಪ್ಪತ್ತರ ದಶಕದ ಜನತಾ ಮನೆ, ಎಂಬತ್ತರ ಇಂದಿರಾ ಆವಾಸ್, ತೊಂಬತ್ತರ ಆಶ್ರಯ, ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ್. ಹೆಸರು ಬದಲಾಯಿತು, ಜಾಗದ ಪ್ರಶ್ನೆ ಹಾಗೇ ಉಳಿಯಿತು.

ಅದು ಬೀದಿಗೆ ಬಂದದ್ದು 2016ರ ಡಿಸೆಂಬರ್‌ನಲ್ಲಿ. ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಲೈನ್ ಮನೆಗಳಿಂದ ಹೊರಬಂದ ಆದಿವಾಸಿ ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಅದು ಅರಣ್ಯ ಜಾಗ ಎಂದು ಗುಡಿಸಲುಗಳನ್ನು ಕೆಡವಿದರು. ಹೋರಾಟ ಬೆಂಗಳೂರಿನವರೆಗೆ ಹೋಯಿತು. ಕೊನೆಗೆ ಐನೂರಕ್ಕೂ ಹೆಚ್ಚು ಕುಟುಂಬಗಳಿಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. ಅವು ದೂರದ ಕುಶಾಲನಗರ, ಸೋಮವಾರಪೇಟೆ ಕಡೆ. ಮನೆ ಬಂತು, ಕೂಲಿ ದೂರವಾಯಿತು. ಕಾಡು, ಜೇನು, ಗೊತ್ತಿದ್ದ ತೋಟ ಎಲ್ಲ ಹಿಂದೆ ಉಳಿಯಿತು. ಕಾಗದದಲ್ಲಿ ಇದು ಬಗೆಹರಿದ ವಿಷಯ.

2018ರ ಆಗಸ್ಟ್ ಬಗ್ಗೆ ಇಲ್ಲಿ ಯಾರನ್ನು ಕೇಳಿದರೂ ಒಂದು ದಿನ ಹಿಡಿದು ಹೇಳುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳ ಮಳೆ ಮುಗಿಯಬೇಕಾದ ಹೊತ್ತಿಗೆ ಮಳೆ ಇನ್ನೂ ಜೋರಾಯಿತು. 16, 17ರ ಹೊತ್ತಿಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲ ಕಡೆ ಗುಡ್ಡಗಳೇ ಇಳಿದು ಬಂದವು. ಅಲ್ಲಿಯವರೆಗೆ ನಮ್ಮಲ್ಲಿ ‘ಬರೆ ಜರಿಯಿತು’ ಎಂದರೆ ಮನೆ ಹಿಂದಿನ ಮಣ್ಣು ಒಂದಿಷ್ಟು ಬಿತ್ತು ಎಂದರ್ಥ. ಆ ವಾರ ಬರೆ, ತೋಟ, ಮನೆ, ರಸ್ತೆ ಒಟ್ಟಿಗೇ ಹೋದವು. ಮನೆ ಕಟ್ಟಲು, ರಸ್ತೆ ಮಾಡಲು ಇಳಿಜಾರು ಕಡಿದದ್ದು ದೊಡ್ಡ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ಅಂದರೆ ಸೂರಿನ ಪ್ರಶ್ನೆಗೆ ನಾವೇ ಕಂಡುಕೊಂಡಿದ್ದ ಉತ್ತರವೂ ಕುಸಿದಿತ್ತು.

ವಿಚಿತ್ರ ಅಂದರೆ, ಇಷ್ಟು ವರ್ಷ ಸಿಗದ ಜಾಗ ಆಗ ಸಿಕ್ಕಿತು. ಕರ್ಣಂಗೇರಿ, ಮದೆನಾಡು, ಜಂಬೂರು, ಗಾಳಿಬೀಡು, ಬಿಳಿಗೇರಿ ಕಡೆ ಸರ್ಕಾರಿ ಜಮೀನು ಗುರುತಾಯಿತು. ಸಾಮಾನ್ಯವಾಗಿ ಹಣ ಮಾತ್ರ ಕೊಡುವ ವಸತಿ ನಿಗಮ ಈ ಸಲ ಕಟ್ಟಿಸುವ ಹೊಣೆ ಹೊತ್ತಿತು. ಎರಡು ಮಲಗುವ ಕೋಣೆ, ಹಾಲ್, ಅಡುಗೆಮನೆ ಇರುವ ಒಂದು ಮನೆಗೆ 9.85 ಲಕ್ಷ ರೂಪಾಯಿ. ಜಂಬೂರಿನಲ್ಲಿ ಇನ್ಫೋಸಿಸ್ ಪ್ರತಿಷ್ಠಾನವೂ 200 ಮನೆ ಕಟ್ಟಿಸಿಕೊಟ್ಟಿತು. ಮನೆ ಆಗುವ ತನಕ ಬಾಡಿಗೆಗೆ ಅಂತ ಕುಟುಂಬಕ್ಕೆ ತಿಂಗಳಿಗೆ 10,000 ರೂಪಾಯಿ. ಜಂಬೂರು ಮತ್ತು ಮದೆನಾಡಿನ 463 ಮನೆಗಳ ಬೀಗದ ಕೈ 2020ರ ಜೂನ್‌ನಲ್ಲಿ ಕೈಗೆ ಬಂತು.

ಎರಡು ವರ್ಷ ಜಾಸ್ತಿ ಆಯಿತು ಎಂದವರಿದ್ದಾರೆ. ಕೊಡಗಿನಲ್ಲಿ ಕಟ್ಟಡದ ವರ್ಷ ಎಂದರೆ ಏಳೆಂಟು ತಿಂಗಳು ಮಾತ್ರ ಎಂಬುದನ್ನೂ ಗಮನಿಸಬೇಕು. ಅಕ್ಟೋಬರ್‌ವರೆಗೆ ಮಣ್ಣು ಒಣಗುವುದಿಲ್ಲ. ಡಿಸೆಂಬರ್‌ನಿಂದ ಕಾಫಿ ಕುಯ್ಲು, ಕೂಲಿಯವರು ಸಿಗುವುದಿಲ್ಲ. ಅದು ಮುಗಿದರೆ ಮಾರ್ಚ್, ಕಚೇರಿಗಳಲ್ಲಿ ಬಿಲ್ಲಿನ ಗಡಿಬಿಡಿ. ಜೂನ್‌ಗೆ ಮತ್ತೆ ಮಳೆ. ತಳಪಾಯ, ಗೋಡೆ, ಸೂರು ಎಂದು ಹಂತ ಹಂತಕ್ಕೂ ಜಿಪಿಎಸ್ ಫೋಟೊ ತೆಗೆದರಷ್ಟೇ ಕಂತು ಬಿಡುಗಡೆಯಾಗುವ ಸಾಮಾನ್ಯ ವಸತಿ ಯೋಜನೆಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಗೋಡೆ ಏರಿದ ಮನೆ ಟಾರ್ಪಾಲು ಹೊದ್ದು ಮಳೆಗಾಲ ಕಳೆಯುವುದು ನಮಗೆ ಹೊಸ ನೋಟವಲ್ಲ. ಪ್ರಧಾನಮಂತ್ರಿ ಆವಾಸ್‌ನ ಗ್ರಾಮೀಣ ಯೋಜನೆ ಬಯಲಿಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ ಎಂದು ನಿಗದಿ ಮಾಡಿತ್ತು. ಆ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ಮರಳು, ಇಟ್ಟಿಗೆಯನ್ನು ಜೀಪಿನಲ್ಲಿ ಗುಡ್ಡ ಹತ್ತಿಸುವ ಬಾಡಿಗೆ ಯಾವ ಪಟ್ಟಿಯಲ್ಲೂ ಇಲ್ಲ. ತಾರಸಿ ಮನೆ ಆದ ಮೇಲೂ ಖರ್ಚು ಮುಗಿಯುವುದಿಲ್ಲ. ಒಂದೆರಡು ಮಳೆಗಾಲ ಕಳೆದರೆ ಸೋರುತ್ತದೆ ಎಂದು ಮೇಲೊಂದು ಶೀಟ್ ಹಾಕಿಸಲೇಬೇಕು.

2018ರ ಪುನರ್ವಸತಿಯಲ್ಲೂ ಗೆರೆ ಇತ್ತು. ಕಳೆದುಹೋದ ಮನೆಗೆ ದಾಖಲೆ ಇದ್ದವರ ದಾರಿ ಸಲೀಸಾಯಿತು. ಬಾಡಿಗೆಗೆ, ಲೈನ್ ಮನೆಯಲ್ಲಿ ಇದ್ದವರು ತಾವು ಅಲ್ಲೇ ಇದ್ದೆವು ಎಂದು ತೋರಿಸಲು ಓಡಾಡಬೇಕಾಯಿತು. ಮನೆ ಸಿಕ್ಕ ಬೆಳೆಗಾರರಿಗೂ ಬೇರೆ ಚಿಂತೆ. ಮನೆ ಜಂಬೂರಿನಲ್ಲಿ, ಉಳಿದ ಅರ್ಧ ತೋಟ ಹಳೇ ಊರಿನಲ್ಲಿ. ಬೆಳಗ್ಗೆ ಬಸ್ಸು ಹತ್ತಿ ತೋಟಕ್ಕೆ ಹೋಗುವ ಬದುಕು ಅವರಿಗೆ ಹೊಸದು.

2019ರಲ್ಲಿ ತೋರದಲ್ಲಿ ಗುಡ್ಡ ಕುಸಿಯಿತು, ಕಾವೇರಿ ಉಕ್ಕಿ ನೆಲ್ಯಹುದಿಕೇರಿ, ಕರಡಿಗೋಡು, ಕುಂಬಾರಗುಂಡಿಗೆ ನುಗ್ಗಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಗುಡ್ಡದಲ್ಲಿ ಭೂಪರಿವರ್ತನೆಗೆ ಬಿಗಿ ಬಂತು. ಬಿಗಿ ಒಳ್ಳೆಯದೇ. ಆದರೆ ಅದು ಹತ್ತು ಸೆಂಟಿನಲ್ಲಿ ಮನೆ ಕಟ್ಟುವವನನ್ನು ನಿಲ್ಲಿಸಿದಷ್ಟು ಸುಲಭವಾಗಿ ದೊಡ್ಡ ಕಟ್ಟಡಗಳನ್ನು ನಿಲ್ಲಿಸಿದೆಯೇ ಎಂದು ಮಡಿಕೇರಿ ಸುತ್ತ ಒಮ್ಮೆ ಕಣ್ಣು ಹಾಯಿಸಿದವರು ಕೇಳುತ್ತಾರೆ.

ಹೊಳೆ ದಡದವರು ಅಲ್ಲಿಗೆ ಹೋದದ್ದು ನೀರಿನ ಮೇಲಿನ ಆಸೆಯಿಂದಲ್ಲ. ಲೈನ್ ಮನೆ ಬಿಟ್ಟು ಬಂದವರಿಗೆ ಉಳಿದಿದ್ದ ಪೈಸಾರಿ ಅದೊಂದೇ. ನೆಲ್ಯಹುದಿಕೇರಿಯವರಿಗೆ ಅಭ್ಯತ್‌ಮಂಗಲದಲ್ಲಿ ಜಾಗ ಗುರುತಿಸಿದರು. ದಡದಲ್ಲಿ ಇನ್ನೂ ಉಳಿದವರಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿ ಎಂಬ ನೋಟಿಸ್ ಬರುತ್ತದೆ. ನೀರು ಏರಿದರೆ ಪಾತ್ರೆ, ಪುಸ್ತಕ, ಆಧಾರ್ ಕಾರ್ಡ್ ಗಂಟು ಕಟ್ಟಿಕೊಂಡು ಶಾಲೆಯ ಕಾಳಜಿ ಕೇಂದ್ರಕ್ಕೆ ಹೋಗುತ್ತಾರೆ. ಇಳಿದ ಮೇಲೆ ವಾಪಸ್ಸು ಬಂದು, ಗೋಡೆಯ ಕೆಸರು ತೊಳೆದು, ಅದೇ ಮನೆಯಲ್ಲಿ ಒಲೆ ಹಚ್ಚುತ್ತಾರೆ.